ತೂತು, ಪಿನ್ನಿನ ಅಳತೆ ಎಲ್ಲಿಂದ ಶುರು?

ಕಲಬುರಗಿ, ಬೀದರ್, ಯಾದಗಿರಿಯ ಪ್ರಿಂಟಿಂಗ್ ಗೆಳೆಯರಿಗೆ ನಮಸ್ಕಾರ. ಫಿನಿಶರ್‌ಗೆ, ಅಂದರೆ ಪ್ರಿಂಟ್ ಆದ ಹಾಳೆಗೆ ತೂತು, ಪಿನ್ ಹೊಡೆಯೋ ಭಾಗಕ್ಕೆ, ಕೊಡೋ ಅಂಕಿ ಮೇಲಿನಿಂದಲೋ ಕೆಳಗಿನಿಂದಲೋ ಅನ್ನೋ ಪ್ರಶ್ನೆ ಮತ್ತೆ ಬಂದಿದೆ.

ಕಂಪ್ಯೂಟರ್ ಪ್ರಿಂಟರಿಗೆ ಕೆಲಸ ಕಳಿಸೋ ಪದ್ಧತಿ ಐಪಿಪಿ (ಇಂಟರ್ನೆಟ್ ಪ್ರಿಂಟಿಂಗ್ ಪ್ರೋಟೋಕಾಲ್). ಅದರ ಫಿನಿಶಿಂಗ್ಸ್ ಸ್ಟ್ಯಾಂಡರ್ಡ್‌ನಲ್ಲಿ, ಅಂದರೆ ಪ್ರಿಂಟರ್ ವರ್ಕಿಂಗ್ ಗ್ರೂಪಿನ ಪಿಡಬ್ಲ್ಯುಜಿ 5100.1ರಲ್ಲಿ, ಹಾಳೆಯನ್ನು ಉದ್ದಕ್ಕೆ ನಿಲ್ಲಿಸಿ ನೋಡಬೇಕು. ಸೊನ್ನೆ ಇರುವುದು ಕೆಳಗಿನ ಎಡ ಮೂಲೆಯಲ್ಲಿ. ಎಡ ಅಂಚು ಆರಿಸಿದರೆ ಲೊಕೇಶನ್, ಅಂದರೆ ಅಂಚಿನ ಉದ್ದಕ್ಕೆ ತೂತು ಅಥವಾ ಪಿನ್ ಬೀಳೋ ಜಾಗ, ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ, ಮೇಲಿನ ಅಂಚು ಆರಿಸಿದರೆ ಎಡದಿಂದ ಬಲಕ್ಕೆ. ಆಫ್‌ಸೆಟ್ ಬೇರೆ ಲೆಕ್ಕ, ಅದು ಆರಿಸಿದ ಅಂಚಿನಿಂದ ಒಳಕ್ಕೆ ಎಷ್ಟು ದೂರ ಅನ್ನೋದು ಮಾತ್ರ. ಅಳತೆ ಮಿಲಿಮೀಟರಿನ ನೂರನೇ ಒಂದು ಭಾಗದಲ್ಲಿ, ಹಾಗಾಗಿ ಎ4 ಹಾಳೆ 21000 ಅಗಲ, 29700 ಎತ್ತರ. 12 ಅಂತ ಸುಮ್ನೆ ಹಾಕಿದರೆ ತೂತು ಅಂಚಿಗೇ ಬೀಳಬೇಕಾಗುತ್ತದೆ!

ಸಾಮಾನ್ಯ ಎರಡು ತೂತಿನ ಫೈಲ್ ತಗೊಳ್ಳಿ. ಐಎಸ್‌ಒ 838 ಪ್ರಕಾರ ತೂತುಗಳ ನಡುವೆ 80 ಮಿ.ಮೀ., ಅಂಚಿನಿಂದ ತೂತಿನ ಮಧ್ಯಕ್ಕೆ 12 ಮಿ.ಮೀ. ಎಡ ಅಂಚಿಗೆ ಆಫ್‌ಸೆಟ್ 1200, ಲೊಕೇಶನ್ 10850 ಮತ್ತು 18850 (ಎ4 ಎತ್ತರದ ನಡುಮಧ್ಯ 14850, ಅಲ್ಲಿಂದ ಆಚೀಚೆ 4000). ಇಲ್ಲೇ ಮೋಸ ಹೋಗೋದು ನೋಡಿ, ಮೇಲಿನಿಂದ ಅಳೆದರೂ ಇವೇ ಅಂಕಿ ಬರುತ್ತವೆ, ತಪ್ಪು ಗೊತ್ತೇ ಆಗಲ್ಲ. ಪಿನ್ ಹೊಡೆಯುವಾಗ ಬಯಲಾಗುತ್ತದೆ. ಎಡ ಅಂಚಿನಲ್ಲಿ, ಮೇಲಿನಿಂದ 1 ಸೆಂ.ಮೀ. ಕೆಳಗೆ ಪಿನ್ ಬೇಕಾದರೆ ಲೊಕೇಶನ್ 28700. 1000 ಕೊಟ್ಟರೆ ವಿದ್ಯಾರ್ಥಿಯ ಪ್ರಾಜೆಕ್ಟ್ ರಿಪೋರ್ಟಿಗೆ ಬುಡದಲ್ಲಿ ಪಿನ್, ಮತ್ತೆ ಕೌಂಟರ್‌ನಲ್ಲಿ ಜಗಳ ಬೇಕಾ?

ನನ್ನ ಕೇಳಿದರೆ ಎಡ-ಮೇಲಿನ ಮೂಲೆಯ ಪಿನ್ನಿಗೆ ಅಂಕಿಯ ಉಸಾಬರಿಯೇ ಬೇಡ, ರೆಡಿ ಇರೋ ಸ್ಟೇಪಲ್-ಟಾಪ್-ಲೆಫ್ಟ್ ಅನ್ನೋ ಆಯ್ಕೆ ಸಾಕು. ವಿಶೇಷ ಜಾಗ ಬೇಕಾದಾಗ ಮಾತ್ರ ಅಂಕಿ ಕೊಡಿ, ಅದೂ ನಿಮ್ಮ ಮಷಿನ್ ಅದನ್ನು ಸಪೋರ್ಟ್ ಮಾಡುತ್ತಾ ನೋಡಿಕೊಂಡು.