ವಿದೇಶಕ್ಕೆ ಹೊರಟವರ ಪೆಟ್ಟಿಗೆ ಮತ್ತು ಕಡತ

ಮಾನ್ಯ ಸಂಪಾದಕರೇ,

ನೌಕರಿಗೋ ಓದಿಗೋ ಮದುವೆಯಾಗಿಯೋ ಹೊರದೇಶಕ್ಕೆ ಹೊರಡುವುದು ಕೊಡಗಿನ ಊರುಗಳಲ್ಲಿ ಈಗ ದೊಡ್ಡ ಸುದ್ದಿಯಾಗಿ ಉಳಿದಿಲ್ಲ. ನರ್ಸಿಂಗ್ ಮುಗಿಸಿದವರು ಕೊಲ್ಲಿ ದೇಶಗಳಿಗೂ ಬ್ರಿಟನ್ನಿಗೂ, ಎಂಜಿನಿಯರಿಂಗ್ ಓದಿದವರು ಕೆನಡಾ, ಆಸ್ಟ್ರೇಲಿಯಾಗಳಿಗೂ, ಹೋಟೆಲ್ ಕೆಲಸ ಕಲಿತವರು ಪ್ರವಾಸಿ ಹಡಗುಗಳಿಗೂ ಹೋಗುತ್ತಿದ್ದಾರೆ. ಆದರೆ ಸಿದ್ಧತೆ ಎಂದರೆ ಸೂಟ್‌ಕೇಸ್ ತುಂಬುವುದು, ಅದನ್ನು ಮತ್ತೆ ಮತ್ತೆ ತೂಗಿ ನೋಡುವುದು ಎಂಬ ಭಾವನೆ ನಮ್ಮ ಮನೆಗಳಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ಪ್ರೌಢಶಾಲೆಯ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತನಾದ ನನ್ನಲ್ಲಿಗೆ ಹಳೆಯ ವಿದ್ಯಾರ್ಥಿಗಳೂ ಅವರ ಹೆತ್ತವರೂ ಇಂದಿಗೂ ಕಾಗದಪತ್ರ ಹಿಡಿದು ಬರುತ್ತಾರೆ. ಬರುವುದು ಹೆಚ್ಚಾಗಿ ಟಿಕೆಟ್ ಆದ ಮೇಲೆ. ಕಾಗದಪತ್ರ ಮೊದಲು, ಪೆಟ್ಟಿಗೆ ಕೊನೆಗೆ ಎಂಬ ಕ್ರಮ ನಮ್ಮಲ್ಲಿ ರೂಢಿಯಾಗಬೇಕು ಮತ್ತು ಅದಕ್ಕೆ ಜಿಲ್ಲೆಯೊಳಗೇ ಒಂದು ವ್ಯವಸ್ಥೆ ಬೇಕು ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಹೇಳಬಯಸುತ್ತೇನೆ.

ಮೊದಲ ತೊಡಕು ಹೆಸರಿನದು. ಕೊಡವರಲ್ಲಿಯೂ ಅರೆಭಾಷೆ ಗೌಡರಲ್ಲಿಯೂ ಮನೆಹೆಸರು ಮೊದಲು ಬಂದು ಸ್ವಂತ ಹೆಸರು ಆಮೇಲೆ ಬರುತ್ತದೆ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಆ ಮನೆಹೆಸರು ಒಂದಕ್ಷರದ ಇನಿಷಿಯಲ್ ಆಗಿ ಕುಗ್ಗಿರುತ್ತದೆ, ಆಧಾರ್‌ನಲ್ಲಿ ಪೂರ್ತಿಯಾಗಿ ಇರುತ್ತದೆ, ಪಾಸ್‌ಪೋರ್ಟಿನ ಸರ್‌ನೇಮ್ ಜಾಗದಲ್ಲಿ ಒಮ್ಮೊಮ್ಮೆ ತಂದೆಯ ಹೆಸರು ಬಂದು ಕೂತಿರುತ್ತದೆ. ಮದುವೆಯಾದ ಹೆಣ್ಣುಮಕ್ಕಳಿಗೆ ಅಂಕಪಟ್ಟಿಯಲ್ಲಿ ತವರಿನ ಮನೆಹೆಸರು, ಮತದಾರರ ಚೀಟಿಯಲ್ಲಿ ಗಂಡನ ಮನೆಹೆಸರು. ಊರಿನೊಳಗೆ ಯಾರೂ ಇದನ್ನು ಕೇಳುವುದಿಲ್ಲ, ಏಕೆಂದರೆ ಯಾರ ಮನೆಯವರು ಎಂದು ಎಲ್ಲರಿಗೂ ಗೊತ್ತು. ವೀಸಾ ಅಧಿಕಾರಿಗೆ ಮಾತ್ರ ಮೂರು ಕಾಗದಗಳಲ್ಲಿ ಮೂವರು ಬೇರೆ ಬೇರೆ ವ್ಯಕ್ತಿಗಳು ಕಾಣುತ್ತಾರೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿನ ಹೆಸರನ್ನೇ ಬುಡವೆಂದು ಹಿಡಿದು, ಅದರಲ್ಲಿ ತಪ್ಪಿದ್ದರೆ ಓದಿದ ಶಾಲೆಯ ಮೂಲಕ ಪರೀಕ್ಷಾ ಮಂಡಳಿಗೆ ಬರೆದು ಮೊದಲು ಸರಿಪಡಿಸಿಕೊಂಡು, ಉಳಿದೆಲ್ಲವನ್ನೂ ಅದಕ್ಕೆ ಹೊಂದಿಸುವುದು ಕ್ಷೇಮ. ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ವಿವಾಹ ನೋಂದಣಿಯ ಕಥೆಯೂ ಇಂಥದೇ: ಸಮಾಜದ ಕಲ್ಯಾಣಮಂಟಪದಲ್ಲಿ ಸಾವಿರ ಜನರ ಮುಂದೆ ಮದುವೆಯಾಗಿರುತ್ತದೆ, ಮೂರು ಆಲ್ಬಂ ಫೋಟೊ ಇರುತ್ತದೆ, ಉಪನೋಂದಣಾಧಿಕಾರಿಯ ಪ್ರಮಾಣಪತ್ರವೊಂದು ಇರುವುದಿಲ್ಲ.

ಇನ್ನೊಂದು ತೊಡಕನ್ನು ತಂದೊಡ್ಡಿದ್ದು ನಮ್ಮ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಬ್ಬಿಣದ ಟ್ರಂಕಿನೊಳಗಿಟ್ಟ ಕಾಗದಕ್ಕೂ ಬೂಷ್ಟು ಹಿಡಿಯುವ ನಾಡಿದು. ಆದ್ದರಿಂದ ಅಂಕಪಟ್ಟಿ ಕೈಗೆ ಬಂದ ವಾರದಲ್ಲೇ ಜೆರಾಕ್ಸ್ ಅಂಗಡಿಗೆ ಒಯ್ದು ಲ್ಯಾಮಿನೇಷನ್ ಮಾಡಿಸುವುದು ಇಲ್ಲಿ ಜಾಣತನವೆಂದೇ ನಡೆದುಬಂದಿದೆ. ವಿದೇಶದಲ್ಲಿ ಮಾನ್ಯವಾಗಬೇಕಾದ ಪ್ರಮಾಣಪತ್ರದ ಬೆನ್ನಿಗೆ ಸರ್ಕಾರದ ಮುದ್ರೆ, ಸಹಿ, ಕೊನೆಗೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಚೀಟಿ, ಅಂದರೆ ಒಪ್ಪಂದಕ್ಕೆ ಸೇರಿದ ದೇಶಗಳು ಒಪ್ಪುವ ದೃಢೀಕರಣ, ಬೀಳಬೇಕು. ಪ್ಲಾಸ್ಟಿಕ್ ಹಾಳೆಯ ಮೇಲೆ ಅವು ಹೇಗೆ ಬೀಳಬೇಕು? ಲ್ಯಾಮಿನೇಷನ್ ಕೀಳಲು ಇಸ್ತ್ರಿಪೆಟ್ಟಿಗೆ ಕಾಯಿಸಿ ಒತ್ತಿದ ಅಂಕಪಟ್ಟಿಯೊಂದನ್ನು ನಾನು ಕಂಡಿದ್ದೇನೆ. ಪ್ಲಾಸ್ಟಿಕ್ ಬಿಡಿಸಿಕೊಂಡು ಬರುವಾಗ ಅಂಕಗಳ ಶಾಯಿಯನ್ನೂ ಮಂಡಳಿಯ ಮುದ್ರೆಯ ಅರ್ಧವನ್ನೂ ಎಬ್ಬಿಸಿಕೊಂಡು ಬಂದಿತ್ತು, ಉಳಿದ ಕಾಗದ ಹಪ್ಪಳದಂತೆ ಸುರುಟಿತ್ತು. ಆ ಹುಡುಗಿ ನಕಲು ಅಂಕಪಟ್ಟಿಗೆ ಅರ್ಜಿ ಹಾಕಿ ಕಾಯಬೇಕಾಯಿತು. ಆಮ್ಲರಹಿತ ಪ್ಲಾಸ್ಟಿಕ್ ಕವರಿನಲ್ಲಿ ಸಡಿಲವಾಗಿಟ್ಟು ಜತೆಗೆ ಸಿಲಿಕಾ ಜೆಲ್‌ನ ಒಂದು ಪೊಟ್ಟಣ ಹಾಕಿದರೆ ನಮ್ಮ ಮಳೆಗಾಲಕ್ಕೂ ಸಾಕಾಗುತ್ತದೆ. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಮನೆಯೊಂದಿಗೆ ದಾಖಲೆಗಳನ್ನೂ ಕಳೆದುಕೊಂಡ ಕುಟುಂಬಗಳಿಗೆ ಡಿಜಿಲಾಕರ್‌ನ ಬೆಲೆ ಏನೆಂದು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಪದವಿ ಪ್ರಮಾಣಪತ್ರಗಳ ವಿಷಯದಲ್ಲಿ ನಮ್ಮ ಜಿಲ್ಲೆಗೆ ಒಂದು ಹೆಚ್ಚಿನ ಓಡಾಟವಿದೆ. 1980ಕ್ಕೆ ಮುಂಚೆ ಓದಿದವರದು ಮೈಸೂರು ವಿಶ್ವವಿದ್ಯಾಲಯ, ಅನಂತರದವರದು ಮಂಗಳೂರು ವಿಶ್ವವಿದ್ಯಾಲಯ, 2023ರಿಂದ ಚಿಕ್ಕ ಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ. ಕೆನಡಾಕ್ಕೆ ಕಾಯಂ ವಾಸಕ್ಕಾಗಿ ಅರ್ಜಿ ಹಾಕುವವರ ಅಂಕವಿವರಗಳನ್ನು ವಿಶ್ವವಿದ್ಯಾಲಯವೇ ಮೌಲ್ಯಮಾಪನ ಸಂಸ್ಥೆಗೆ ನೇರವಾಗಿ ಕಳುಹಿಸಬೇಕಾಗುತ್ತದೆ. ಅದಕ್ಕಾಗಿ ಮಂಗಳೂರು ವಿಶ್ವವಿದ್ಯಾಲಯವಿರುವ ಕೊಣಾಜೆಗೆ ಘಟ್ಟ ಇಳಿದು ಹತ್ತಿದವರು ನಮ್ಮಲ್ಲಿ ಅನೇಕರಿದ್ದಾರೆ. ಭಾರತ 2005ರಿಂದ ಅಪೋಸ್ಟಿಲ್ ಒಪ್ಪಂದದಲ್ಲಿದೆ, ಕೆನಡಾಕ್ಕೆ ಅದು ಜಾರಿಗೆ ಬಂದದ್ದು 2024ರ ಜನವರಿಯಲ್ಲಿ. ಸಂಯುಕ್ತ ಅರಬ್ ಎಮಿರೇಟ್ಸ್‌ಗೆ ಹೋಗುವವರಿಗೆ ಅಪೋಸ್ಟಿಲ್ ಸಾಲದು, ಅವರ ರಾಯಭಾರ ಕಚೇರಿಯ ದೃಢೀಕರಣವೇ ಆಗಬೇಕು. ಹೀಗೆ ದೇಶಕ್ಕೊಂದು ನಿಯಮವಿರುವುದರಿಂದ, ಕಳೆದ ವರ್ಷ ಹೋದ ನೆರೆಮನೆಯ ಹುಡುಗನನ್ನು ಕೇಳಿ ನಡೆಯುವ ಅಭ್ಯಾಸ ಬಿಡುವುದು ಒಳ್ಳೆಯದು.

ಈಗ ಮಾಕುಟ್ಟದ ಗಡಿಯಾಚೆಗೆ ನೋಡೋಣ. ಕೇರಳವು ಅನಿವಾಸಿಗಳ ವ್ಯವಹಾರಕ್ಕೆಂದೇ 1996ರಲ್ಲಿ ಒಂದು ಇಲಾಖೆಯನ್ನೂ 2002ರಲ್ಲಿ ನೋರ್ಕಾ ರೂಟ್ಸ್ ಎಂಬ ಸಂಸ್ಥೆಯನ್ನೂ ಸ್ಥಾಪಿಸಿತು. ಪ್ರಮಾಣಪತ್ರಗಳ ದೃಢೀಕರಣ ಕೋಯಿಕ್ಕೋಡಿನಲ್ಲೇ ಆಗುತ್ತದೆ, ಹೊರಡುವ ಮುನ್ನ ತಿಳಿವಳಿಕೆ ಶಿಬಿರಗಳು ನಡೆಯುತ್ತವೆ. ಘಟ್ಟದ ಕೆಳಗಿನ ಕಣ್ಣೂರಿನ ಹುಡುಗಿಗೆ ಸಿಗುವ ಈ ನೆರವು ಘಟ್ಟದ ಮೇಲಿನ ವಿರಾಜಪೇಟೆಯ ಹುಡುಗಿಗೆ ಇಲ್ಲ. ಇಬ್ಬರೂ ವಿಮಾನ ಹತ್ತುವುದು ಮಾತ್ರ 2018ರ ಡಿಸೆಂಬರ್‌ನಲ್ಲಿ ತೆರೆದ ಮಟ್ಟನ್ನೂರಿನ ಅದೇ ನಿಲ್ದಾಣದಲ್ಲಿ! ನಮ್ಮ ರಾಜ್ಯದಲ್ಲೂ ಅನಿವಾಸಿ ಭಾರತೀಯ ಸಮಿತಿಯೊಂದು ಇದೆ. ಆದರೆ ಅದು ಬೆಂಗಳೂರಿನಲ್ಲಿದೆ, ರೈಲೇ ಇಲ್ಲದ ನಮ್ಮ ಜಿಲ್ಲೆಯ ಹಳ್ಳಿಗಳಿಗೆ ಅದರ ಹೆಸರೂ ಮುಟ್ಟಿಲ್ಲ.

ದೃಢೀಕರಣದ ಕೆಲಸವನ್ನು ಏಜೆಂಟರಿಗೆ ಒಪ್ಪಿಸುವುದು ತಪ್ಪಲ್ಲ, ಆದರೆ ಕೆಲಸ ಕೊಡಿಸುವ ಏಜೆಂಟರ ಮಾತು ಬೇರೆ. ನೋಂದಾಯಿತ ನೇಮಕಾತಿ ಏಜೆಂಟ್ ಪಡೆಯಬಹುದಾದ ಸೇವಾಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿಯ ಮಿತಿಯಿದೆ. ಲಕ್ಷಗಳ ಮಾತಾಡುವವರ ನೋಂದಣಿ ಸಂಖ್ಯೆಯನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡದೆ ಒಂದು ರೂಪಾಯಿಯನ್ನೂ ಕೊಡಬಾರದು. ಹತ್ತನೆಯ ತರಗತಿ ದಾಟದವರು ಕೊಲ್ಲಿ ದೇಶಗಳೂ ಸೇರಿದಂತೆ 18 ದೇಶಗಳಿಗೆ ದುಡಿಯಲು ಹೋಗಬೇಕಾದರೆ ವಲಸೆ ಅನುಮತಿ ಕಡ್ಡಾಯ. ಅದರೊಡನೆ ಬರುವ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಹತ್ತು ಲಕ್ಷ ರೂಪಾಯಿಯ ಅಪಘಾತ ವಿಮೆಯಿದೆ. ಸಂದರ್ಶಕರ ವೀಸಾದಲ್ಲಿ ಹೋಗಿ ಅಲ್ಲಿ ಕೆಲಸ ಹಿಡಿ ಎನ್ನುವವನ ಮಾತು ಕೇಳಿದವರು ಈ ಎರಡೂ ರಕ್ಷಣೆಯನ್ನು ಕಳೆದುಕೊಳ್ಳುತ್ತಾರೆ.

ಆಸ್ತಿಯ ಬಗ್ಗೆ ಕೆಲವು ಮಾತು. ವಿದೇಶೀ ವಿನಿಮಯ ನಿಯಮಗಳ ಪ್ರಕಾರ ಅನಿವಾಸಿಯಾದವರು ಕೃಷಿಭೂಮಿಯನ್ನಾಗಲಿ ತೋಟವನ್ನಾಗಲಿ ಹೊಸದಾಗಿ ಕೊಳ್ಳುವಂತಿಲ್ಲ. ಇಲ್ಲಿದ್ದಾಗ ಪಡೆದದ್ದನ್ನೂ ಪಿತ್ರಾರ್ಜಿತವಾಗಿ ಬಂದದ್ದನ್ನೂ ಇಟ್ಟುಕೊಳ್ಳಬಹುದು. ಅಲ್ಲಿ ದುಡಿದು ಪಕ್ಕದ ಕಾಫಿ ತೋಟ ಕೊಳ್ಳುತ್ತೇನೆ ಎಂದು ಹೊರಟವರು ಇದನ್ನು ಮೊದಲೇ ತಿಳಿದಿರಬೇಕು. ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬರುವ ಜಮ್ಮಾ ಆಸ್ತಿಯಲ್ಲಿ ಕುಟುಂಬದ ಹಲವರ ಹೆಸರಿರುವುದರಿಂದ ಒಬ್ಬರ ಸಹಿ ಸಿಗದಿದ್ದರೂ ಕೆಲಸ ನಿಲ್ಲುತ್ತದೆ. ಹೊರಡುವ ಮುನ್ನವೇ ನಂಬಿಕೆಯವರ ಹೆಸರಿಗೆ ಅಧಿಕಾರಪತ್ರವನ್ನು ನೋಂದಾಯಿಸಿ ಹೋದರೆ, ಮುಂದೆ ಅಲ್ಲಿಂದ ದೂತಾವಾಸದ ಮೂಲಕ ಬರೆಸಿ ಕಳುಹಿಸಿ, ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟುವ ತಾಪತ್ರಯ ತಪ್ಪುತ್ತದೆ. ಉಳಿತಾಯ ಖಾತೆಯನ್ನು ಅನಿವಾಸಿಗಳಿಗಾಗಿ ಇರುವ ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಬೇಕು. ಮನೆಯಲ್ಲಿ ಕೋವಿಯಿದ್ದರೆ ಠಾಣೆಯಲ್ಲಿ ವಿಚಾರಿಸಿಯೇ ಹೋಗಬೇಕು; ಕೋವಿ ಪರವಾನಗಿಯಿಂದ ನಮಗಿರುವ ವಿನಾಯಿತಿ ಕಾನೂನಿನ ಹೊರಗಿನದಲ್ಲ.

ಇನ್ನು ಪೆಟ್ಟಿಗೆ. ಒಣಗಿಸಿದ ಹಂದಿಮಾಂಸ ಬ್ರಿಟನ್, ಯುರೋಪ್, ಅಮೆರಿಕ, ಆಸ್ಟ್ರೇಲಿಯಾ ಯಾವುದಕ್ಕೂ ಸಲ್ಲದು, ತಾಯಿ ಎಷ್ಟೇ ಪ್ರೀತಿಯಿಂದ ಕಟ್ಟಿಕೊಟ್ಟಿರಲಿ. ಮನೆಯ ತುಪ್ಪಕ್ಕೂ ಯುರೋಪಿನಲ್ಲಿ ಅದೇ ಗತಿ. ನ್ಯೂಜಿಲೆಂಡಿಗೆ ಕೊಡಗಿನ ಜೇನು ಒಯ್ಯುವಂತಿಲ್ಲ, ಅಲ್ಲಿ ಘೋಷಿಸದೆ ತಂದ ತಿನಿಸಿಗೆ ನಿಂತಲ್ಲೇ 400 ಡಾಲರ್ ದಂಡ. ಹುರಿದು ಪುಡಿ ಮಾಡಿದ ಕಾಫಿಗೆ ಸಾಮಾನ್ಯವಾಗಿ ತಕರಾರಿಲ್ಲ. ನಮ್ಮ ಅಡುಗೆಯ ಕಪ್ಪು ಹುಳಿರಸವಾದ ಕಾಚಂಪುಳಿಯ ಬಾಟಲಿಯನ್ನು ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಮುಚ್ಚಳಕ್ಕೆ ಟೇಪ್ ಸುತ್ತಿ, ಸ್ಟೀಲ್ ಡಬ್ಬಿಯೊಳಗೆ ನಿಲ್ಲಿಸಿ, ಸುತ್ತ ಹಳೆಯ ಪಂಚೆಯ ತುಂಡು ತುರುಕಬೇಕು. ಒಂದು ಚಮಚ ಸೋರಿದರೂ ಆ ಕಪ್ಪು ಕಲೆ ಬಟ್ಟೆಯಿಂದ ಹೋಗುವುದಿಲ್ಲ. ನಿಜವಾಗಿ ಅಪಾಯವಿರುವುದು ನಾವು ಸಾಧು ಎಂದುಕೊಂಡ ವಸ್ತುಗಳಲ್ಲಿ. ಗಸಗಸೆ ಎಮಿರೇಟ್ಸ್‌ನಲ್ಲಿ ಮಾದಕವಸ್ತು ಕಾನೂನಿನಡಿ ಬರುತ್ತದೆ, ಮಸಾಲೆಪುಡಿಯಲ್ಲಿ ಅದು ಬೆರೆತಿದ್ದರೂ ಜೈಲಿನ ಮಾತು. ಇಡೀ ಕೊಬ್ಬರಿಯನ್ನು 2022ರಿಂದ ವಿಮಾನದ ಲಗೇಜಿನಲ್ಲಿ ಹಾಕುವಂತಿಲ್ಲ, ಎಣ್ಣೆಯಂಶದಿಂದ ಅದು ಹೊತ್ತಿಕೊಳ್ಳಬಹುದು ಎಂಬ ಕಾರಣಕ್ಕೆ.

ಅಜ್ಜನ ಕಾಲದ ಪೀಚೆಕತ್ತಿಯನ್ನು ಮೊಮ್ಮಗನ ಜತೆ ಕಳುಹಿಸುವ ಆಸೆ ಹಲವರಿಗಿದೆ. ಕೈಚೀಲದಲ್ಲಿ ಕತ್ತಿ ಸಲ್ಲದೆಂಬುದು ಎಲ್ಲರಿಗೂ ಗೊತ್ತು. ಅದರ ಹಿಡಿ ಆನೆದಂತದ್ದಾಗಿದ್ದರೆ ಅದು ಯಾವ ಪೆಟ್ಟಿಗೆಯಲ್ಲಿಯೂ ದೇಶ ಬಿಡುವಂತಿಲ್ಲ ಎಂಬುದು, ಹುಲಿಯುಗುರಿನ ಪದಕಕ್ಕೂ 1972ರ ವನ್ಯಜೀವಿ ಕಾಯ್ದೆಯೇ ಅಡ್ಡ ಬರುತ್ತದೆ ಎಂಬುದು ಗೊತ್ತಿರುವವರು ಕಡಿಮೆ. ಜೋಮಾಲೆ, ಕೊಕ್ಕೆತಾತಿಯಂಥ ಒಡವೆಗಳನ್ನು ಒಯ್ಯುವವರು ನಿಲ್ದಾಣದ ಕಸ್ಟಮ್ಸ್‌ನಲ್ಲಿ ರಫ್ತು ಪ್ರಮಾಣಪತ್ರ ಮಾಡಿಸಿಕೊಂಡರೆ, ಮರಳಿ ತರುವಾಗ ಸ್ವಂತ ಒಡವೆಗೇ ಸುಂಕ ಕಟ್ಟುವ ಪ್ರಸಂಗ ಬರುವುದಿಲ್ಲ.

ಜಿಲ್ಲಾಡಳಿತವು ಐದೂ ತಾಲ್ಲೂಕುಗಳಲ್ಲಿ ತಿಂಗಳಿಗೊಂದು ದಿನವಾದರೂ ವಿದೇಶಕ್ಕೆ ಹೊರಡುವವರಿಗಾಗಿ ಮಾಹಿತಿ ಶಿಬಿರ ನಡೆಸಲಿ, ಪ್ರಮಾಣಪತ್ರ ದೃಢೀಕರಣದ ಅರ್ಜಿಗಳನ್ನು ಮಡಿಕೇರಿಯಲ್ಲೇ ಸ್ವೀಕರಿಸಿ ಬೆಂಗಳೂರಿಗೆ ಕಳುಹಿಸುವ ಏರ್ಪಾಡನ್ನು ರಾಜ್ಯ ಸರ್ಕಾರದಿಂದ ಕೇಳಿ ಪಡೆಯಲಿ. ಖರ್ಚೇ ಇಲ್ಲದ ಕೆಲಸವೊಂದನ್ನು ಶಿಕ್ಷಣ ಇಲಾಖೆ ಈ ವರ್ಷವೇ ಮಾಡಬಹುದು: ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಅಂಕಪಟ್ಟಿ ವಿತರಿಸುವ ದಿನ ಪ್ರತಿ ಶಾಲೆ, ಕಾಲೇಜಿನ ಸೂಚನಾ ಫಲಕದಲ್ಲಿ, ಲ್ಯಾಮಿನೇಷನ್ ಮಾಡಿಸಬೇಡಿ, ಹೆಸರನ್ನು ಇಂದೇ ಓದಿ ನೋಡಿ ಎಂಬ ಎರಡು ಸಾಲು ಹಾಕಿಸಲಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಾಲಾ ಕಚೇರಿ ಅಧೀಕ್ಷಕ,
ವಿರಾಜಪೇಟೆ, ಕೊಡಗು