ಜಾವಾ 21ರ ಮೇಲೆ ನಮ್ಮ ಭಾಷೆ ಓಡುತ್ತಿದೆ, ನಿಮಗೆಲ್ಲ ಧನ್ಯವಾದ

ಬಹಳ ಕಾಲ ಜಾವಾ 8ರಲ್ಲೇ ನಿಂತುಹೋಗಿದ್ದ ನಮ್ಮ ಪುಟ್ಟ ಪ್ರೋಗ್ರಾಮಿಂಗ್ ಭಾಷೆ ಈಗ ಜಾವಾ 21ರ ಮೇಲೆ ಓಡುತ್ತಿದೆ. ಟೆಸ್ಟ್‌ಗಳೆಲ್ಲ ಪಾಸಾಗಿವೆ. ದುಡಿದವರ ಹೆಸರು ರಿಲೀಸ್ ಟಿಪ್ಪಣಿಯಲ್ಲಿ ಇದ್ದೇ ಇದೆ. ಆದರೆ ಅವರು ಏನು ಮಾಡಿದರು ಅನ್ನುವುದು ಅಲ್ಲಿ ಕಾಣಿಸುವುದಿಲ್ಲ. ಅದನ್ನು ಹೇಳಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ವಂದನೆ, ಜಾವಾದ ಕಂಪೈಲ್ ಆದ ಫೈಲ್‌ಗಳನ್ನು ಓದಲು, ಬರೆಯಲು ನೆರವಾಗುವ ಎಎಸ್‌ಎಂ ಲೈಬ್ರರಿಯವರಿಗೆ. 2018ರಿಂದ ಆರು ತಿಂಗಳಿಗೊಂದು ಹೊಸ ಜಾವಾ ಬರುತ್ತಿದೆ. ಪ್ರತಿ ಸಲ ಕ್ಲಾಸ್ ಫೈಲ್‌ನ (ಅಂದರೆ ಆ ಕಂಪೈಲ್ ಆದ ಫೈಲ್‌ನ) ವರ್ಷನ್ ನಂಬರ್ ಒಂದೊಂದು ಏರುತ್ತದೆ: ಜಾವಾ 8ಕ್ಕೆ 52, ಜಾವಾ 21ಕ್ಕೆ 65. ನಮ್ಮ ಕಂಪೈಲರ್ ಈ ಫೈಲ್‌ಗಳನ್ನು ಎಎಸ್‌ಎಂ ಮೂಲಕ ಓದುತ್ತದೆ. ಗೊತ್ತಿಲ್ಲದ ನಂಬರ್ ಬಂದರೆ ಕೆಲಸ ಅಲ್ಲಿಗೇ ನಿಂತಿತು. ಜಾವಾ 21 ಹೊರಬಂದಿದ್ದು 2023ರ ಸೆಪ್ಟೆಂಬರ್‌ನಲ್ಲಿ. ಅದನ್ನು ಓದಬಲ್ಲ ಎಎಸ್‌ಎಂ ತಿಂಗಳುಗಳ ಮೊದಲೇ ಸಿದ್ಧವಾಗಿತ್ತು. ಎಷ್ಟೋ ಭಾಷೆಗಳು ನಿಂತಿರುವುದು ಈ ಸದ್ದಿಲ್ಲದ ಕೆಲಸದ ಮೇಲೆ.

ಜಾವಾದ ಒಳಭಾಗಗಳಿಗೆ ಬೀಗ ಬಿದ್ದದ್ದು ನಮಗೆ ದೊಡ್ಡ ಹೊಡೆತ. ಜಾವಾ 9ರಲ್ಲಿ ಎಚ್ಚರಿಕೆ ಮಾತ್ರ ಬರುತ್ತಿತ್ತು. 16ರಲ್ಲಿ ಬಾಗಿಲು ಮುಚ್ಚಿತು, 17ರಲ್ಲಿ ಅದನ್ನು ಒಟ್ಟಿಗೇ ತೆರೆಯುವ ಸ್ವಿಚ್ಚೂ ಹೋಯಿತು. ಆದರೂ ಅದು ಸರಿಯಾದ ತೀರ್ಮಾನ ಅಂತಲೇ ನನ್ನ ಅಭಿಪ್ರಾಯ. ಒಳಗಿನದನ್ನು ಎಲ್ಲರೂ ಹಿಡಿದುಕೊಂಡಿದ್ದರೆ ಜಾವಾವನ್ನು ಕಟ್ಟುವ ಓಪನ್‌ಜೆಡಿಕೆಯವರು ಏನನ್ನೂ ಬದಲಿಸಲಾಗುವುದಿಲ್ಲ, ಅಲ್ವಾ? ಆ ಒಳಭಾಗಗಳಿಗೆ ಕೈಹಾಕುತ್ತಿದ್ದ ನಮ್ಮ ರಿಫ್ಲೆಕ್ಷನ್ ಕೋಡನ್ನು ಸಾಲು ಸಾಲಾಗಿ ಹುಡುಕಿ ತೆಗೆದವರಿಗೆ ನಾನು ಋಣಿ.

ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಥ್ರೆಡ್ ಸ್ಟಾಪ್, ಅಂದರೆ ಓಡುತ್ತಿರುವ ಥ್ರೆಡ್ಡನ್ನು (ಪ್ರೋಗ್ರಾಮ್‌ನೊಳಗೆ ನಡೆಯುವ ಒಂದು ಕೆಲಸದ ಎಳೆ) ಬಲವಂತವಾಗಿ ನಿಲ್ಲಿಸುವ ಜಾವಾ ಮೆಥಡ್. ಟೈಪ್ ಮಾಡಿದ ಕೂಡಲೇ ಕೋಡ್ ಓಡಿಸುವ ಪ್ರಾಂಪ್ಟ್‌ನಲ್ಲಿ ಯಾರಾದರೂ ಮುಗಿಯದ ಲೂಪ್ ಬರೆದರೆ ಅದನ್ನು ನಿಲ್ಲಿಸಲು ನಮಗೆ ಇದ್ದ ದಾರಿ ಅದೊಂದೇ. ಲಾಕ್ ಹಿಡಿದ ಥ್ರೆಡ್ಡನ್ನು ನಡುವೆ ಕೊಂದರೆ ಡೇಟಾ ಅರ್ಧಂಬರ್ಧ ಸ್ಥಿತಿಯಲ್ಲಿ ಉಳಿಯುತ್ತದೆ. ಅದಕ್ಕೇ ಜಾವಾ 1.2ರ ಕಾಲದಿಂದಲೂ ಇದನ್ನು ಬಳಸಬೇಡಿ ಅನ್ನುತ್ತಿದ್ದರು. ಜಾವಾ 20ರಿಂದ ಅದನ್ನು ಕರೆದರೆ ಎಕ್ಸೆಪ್ಶನ್ (ಎರರ್) ಮಾತ್ರ ಬರುತ್ತದೆ. ಈ ಸೌಲಭ್ಯವನ್ನೇ ಕೈಬಿಡೋಣ ಅಂತ ಕೆಲವರು ಹೇಳಿದ್ದರು. ಹೊಸದಾಗಿ ಕಲಿಯುವವರಿಗೆ ಇದು ಬೇಕೇ ಬೇಕು ಅಂತ ಪಟ್ಟು ಹಿಡಿದವರು ನಮ್ಮಲ್ಲೇ ಪಾಠ ಮಾಡುವ ಒಬ್ಬರು. ಬೈಟ್‌ಕೋಡ್ (ಕಂಪೈಲ್ ಆದ ಮೇಲೆ ಜಾವಾ ಓಡಿಸುವ ಕೋಡ್) ಬರೆಯುವವರು ನಾವೇ ತಾನೇ, ಲೂಪ್ ಸುತ್ತುವ ಕಡೆಯಲ್ಲಿ 'ನಿಲ್ಲಿಸು ಅಂದರಾ?' ಅಂತ ಕೇಳುವ ಒಂದು ಪರೀಕ್ಷೆ ಸೇರಿಸೋಣ ಅಂದರು. ಲೆಕ್ಕದ ಲೂಪ್‌ಗಳು ನಿಧಾನವಾದವು. ಆಗ ಇನ್ನೊಬ್ಬರು ಅದನ್ನು ಪ್ರಾಂಪ್ಟ್‌ನಲ್ಲಿ ಟೈಪ್ ಮಾಡಿದ ಕೋಡ್‌ಗೆ ಮಾತ್ರ ಸೀಮಿತ ಮಾಡಿದರು. ಫೈಲ್‌ನಿಂದ ಕಂಪೈಲ್ ಆದ ಕೋಡ್ ಮೊದಲಿನ ವೇಗಕ್ಕೇ ಮರಳಿತು. ಜಾವಾ ಲೈಬ್ರರಿಯ ಒಳಗೇ ಸಿಕ್ಕಿಕೊಂಡ ಲೂಪನ್ನು ಈಗಲೂ ನಿಲ್ಲಿಸಲಾಗುವುದಿಲ್ಲ. ಆದರೆ ಕಲಿಯುವವರು ಬರೆಯುವ ಲೂಪ್‌ಗಳು ಸಾಮಾನ್ಯವಾಗಿ ಅಂಥವಲ್ಲ. ನೀವಿಬ್ಬರೂ ಈ ಭಾಷೆಗೆ ಮಾಡಿದ ಉಪಕಾರ ದೊಡ್ಡದು.

ಬಿಡುಗಡೆಗೆ ಮೊದಲಿನ ಜಾವಾ ಬಿಲ್ಡ್‌ಗಳನ್ನು ಇಳಿಸಿಕೊಂಡು, ತಮ್ಮ ಕೋಡ್ ಓಡಿಸಿ, ಎರರ್ ಪೂರ್ತಿ ಕಳಿಸಿದ ಬಳಕೆದಾರರಿಗೂ ಧನ್ಯವಾದ. 'ಕೆಲಸ ಮಾಡ್ತಿಲ್ಲ' ಅಂತ ಸುಮ್ನೆ ಬರೆದು ಬಿಟ್ಟಿದ್ದರೆ ನಾವು ಇನ್ನೂ ಹುಡುಕುತ್ತಲೇ ಇರುತ್ತಿದ್ದೆವು.

ಮುಂದಿನ ಸರದಿ, ಮೆಮೊರಿಗೆ ನೇರವಾಗಿ ಕೈಹಾಕಲು ಬಿಡುವ ಅನ್‌ಸೇಫ್ ಕ್ಲಾಸ್‌ನದು. ಅದರ ಮೆಮೊರಿ ಮೆಥಡ್‌ಗಳನ್ನು ಬಳಸಿದರೆ ಜಾವಾ 24 ಎಚ್ಚರಿಕೆ ಕೊಡುತ್ತದೆ. ಅವುಗಳ ಬದಲು ಅಂಥ ಕೆಲಸವನ್ನು ಸುರಕ್ಷಿತವಾಗಿ ಮಾಡುವ ವೇರಿಯಬಲ್ ಹ್ಯಾಂಡಲ್ ಬಳಸುವ ಮೊದಲ ಪ್ಯಾಚ್ ಈಗಾಗಲೇ ಬಂದಿದೆ. ಕಳಿಸಿದವರು ಹೊಸಬರು. ಅವರಿಗೂ ನಮಸ್ಕಾರ, ಈ ವಾರವೇ ನೋಡುತ್ತೇನೆ.