ಟಿವಿಯ ಮೇಷ್ಟ್ರು ಚುನಾವಣೆಗೆ ನಿಂತಾಗ

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. "ಊಟ ಮಾಡಿ ಮಲಗು, ಆಮೇಲೆ ಮಾತಾಡೋಣ" ಅಂದುಬಿಟ್ಟೆ. ನಿನಗೆ ಮಲಗು ಅಂದವಳಿಗೇ ನಿದ್ದೆ ಬರಲಿಲ್ಲ. ಫೋನಿನಲ್ಲಿ ಮಾತು ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಬರುವ 2025ರ ಏಪ್ರಿಲ್ 13ಕ್ಕೆ ಈ ಫಿನ್ಲೆಂಡಿನಲ್ಲಿ ನಡೆಯುವ ನಗರಸಭೆ ಚುನಾವಣೆಗೆ ನಿನ್ನೂರು ತಂಪೆರೆಯಲ್ಲಿ ನೀನು ನಿಲ್ಲಬೇಕು ಅಂತ ಗೆಳೆಯರು ಹಿಂದೆ ಬಿದ್ದಿದ್ದಾರೆ. ನೀನು ಓದುತ್ತಿರುವುದು ಯುದ್ಧ, ಶಾಂತಿ, ಸಂಧಾನದ ವಿಷಯ. "ಒಂದ್ಸಲ ಪೋಸ್ಟರ್ ಮೇಲೆ ನನ್ನ ಮುಖ ಬಂದ್ರೆ, ಆಮೇಲೆ ನಾನು ಬರೆದಿದ್ದನ್ನ ಯಾರು ನಂಬ್ತಾರೆ ಅಮ್ಮಾ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಲ್ತೊಲಾ ಅವರಿಗೆ ಏನಾಯ್ತು ಅಂತ ನೋಡಿದ್ಯಲ್ವಾ?" ಅಂದೆ.

ಟಿವಿಯಲ್ಲಿ ಯುದ್ಧದ ವಿಷಯ ಬಿಡಿಸಿ ಹೇಳುತ್ತಿದ್ದ ಪಂಡಿತರು ದೇಶದ ಅಧ್ಯಕ್ಷ ಚುನಾವಣೆಗೆ ನಿಂತು ಸೋತದ್ದನ್ನು ನೋಡಿದೆ ಪುಟ್ಟಿ. ಬರೀ ನೋಡಿದ್ದಲ್ಲ, ಅದರಲ್ಲಿ ನನ್ನದೂ ಒಂದು ಪಾಲಿದೆ. ಅದನ್ನು ನಿನಗೆ ಇದುವರೆಗೆ ಹೇಳಿಲ್ಲ.

2022ರ ಫೆಬ್ರವರಿ 24 ನೆನಪಿದೆಯಾ? ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದ ದಿನ. ಸಕಲೇಶಪುರದಿಂದ ಅಜ್ಜಿ ಫೋನ್ ಮಾಡಿ, "ರಷ್ಯಾ ನಿಮ್ಮನೆಯಿಂದ ಎಷ್ಟು ದೂರ?" ಅಂತ ಕೇಳಿದರು. ನಾವಿರುವ ಎಸ್ಪೊದಿಂದ ಗಡಿಗೆ ಸುಮಾರು 200 ಕಿಲೋಮೀಟರ್ ಅಂದೆ. "ಅಯ್ಯೋ, ಬೆಂಗಳೂರಿಂದ ನಮ್ಮೂರಿಗಿಂತ ಹತ್ತಿರ!" ಅಂದವರು ಆಮೇಲೆ ಮಾತೇ ಆಡಲಿಲ್ಲ. ಆ ವಾರ ಔಷಧಿ ಅಂಗಡಿಗಳಲ್ಲಿ ಅಯೋಡಿನ್ ಮಾತ್ರೆಗೆ ಜನ ಮುಗಿಬಿದ್ದರು. ನಮ್ಮ ಬಿಲ್ಡಿಂಗಿನ ನೆಲಮಾಳಿಗೆಯಲ್ಲಿ ಯುದ್ಧಕಾಲಕ್ಕೆಂದು ಕಟ್ಟಿಸಿದ ಕೋಣೆ ಇದೆಯಲ್ಲ, ದಪ್ಪ ಕಬ್ಬಿಣದ ಬಾಗಿಲಿನದು. ನಾವೆಲ್ಲ ಅಲ್ಲಿ ಸೈಕಲ್ಲು, ಹಿಮದ ಮೇಲೆ ಜಾರುವ ಸ್ಕೀಗಳನ್ನು ತುಂಬಿಟ್ಟಿದ್ದೆವು. ನೀನೂ ಅಪ್ಪನೂ ಅವನ್ನೆಲ್ಲ ಮೇಲಕ್ಕೆ ಹೊತ್ತು ತಂದಿರಿ. ಖಾಲಿಯಾದ ಆ ಕೋಣೆ ನೋಡಿದಾಗ ನನಗೆ ನಿಜವಾಗಿ ಭಯವಾಯಿತು.

ಆ ರಾತ್ರಿಗಳಲ್ಲಿ ಅಡುಗೆಮನೆಯಲ್ಲಿ ಟಿವಿ ಆರಲೇ ಇಲ್ಲ. ಯಾವ ಕಾರ್ಯಕ್ರಮ ಹಾಕಿದರೂ ಮಿಕಾ ಆಲ್ತೊಲಾ ಇರುತ್ತಿದ್ದರು. ಆಗ ಹೆಲ್ಸಿಂಕಿಯ ವಿದೇಶಾಂಗ ನೀತಿ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದವರು. ನಿನ್ನ ತಂಪೆರೆಯಲ್ಲೇ ಓದಿ, ಪಾಠ ಮಾಡಿದವರು. ಕೊರೊನಾ ಅನ್ನುವ ಹೆಸರು ನಾವು ಕೇಳುವುದಕ್ಕೂ ಎಷ್ಟೋ ಮೊದಲೇ, ಸಾಂಕ್ರಾಮಿಕ ರೋಗಗಳು ದೇಶದೇಶಗಳ ರಾಜಕೀಯವನ್ನು ಹೇಗೆ ಅಲ್ಲಾಡಿಸುತ್ತವೆ ಅಂತ ಅಧ್ಯಯನ ಮಾಡಿದ್ದವರು. ನಾನು ಯುಕಿ ಭಾಷಾ ಪರೀಕ್ಷೆ ಪಾಸು ಮಾಡಿದ್ದೆ, ಪೌರತ್ವವೂ ಬಂದಿತ್ತು. ಆದರೂ ಟಿವಿಯವರ ಫಿನ್ನಿಷ್ ಅರ್ಧ ನನ್ನ ತಲೆಯ ಮೇಲೆಯೇ ಹೋಗುತ್ತಿತ್ತು. ಇವರ ಮಾತು ಮಾತ್ರ ಅರ್ಥವಾಗುತ್ತಿತ್ತು. ಏನಾಗಿದೆ, ಯಾಕೆ ಆಗಿದೆ, ಮುಂದೆ ಏನೇನು ಆಗಬಹುದು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುತ್ತಿದ್ದರು. ನಮ್ಮೂರಿನಲ್ಲಿ ಒಳ್ಳೆಯ ಮೇಷ್ಟ್ರು ಪಾಠ ಮಾಡುವ ಹಾಗೆ. ಅವರ ಮಾತು ಕೇಳಿ, ಟಿವಿ ಆರಿಸಿ, ಮಲಗುತ್ತಿದ್ದೆ. ಹೆದರಿದ ಮನುಷ್ಯನಿಗೆ ವಿಷಯ ಬಿಡಿಸಿ ಹೇಳುವುದು ಎಷ್ಟು ದೊಡ್ಡ ಉಪಕಾರ ಅಂತ ನನಗೆ ಆಗ ಗೊತ್ತಾಯಿತು. ಆ ಋಣ ನನ್ನ ಮೇಲೆ ಈಗಲೂ ಇದೆ.

ನನ್ನೊಬ್ಬಳ ಮೇಲಲ್ಲ. ಆ ವರ್ಷದಿಂದಲೇ ಮುಂದಿನ ಅಧ್ಯಕ್ಷರು ಯಾರಾಗಬೇಕು ಅನ್ನುವ ಸಮೀಕ್ಷೆಗಳಲ್ಲಿ ಅವರ ಹೆಸರು ಮೇಲೆ ಮೇಲೆ ಬರತೊಡಗಿತು. ಅವರು ಆಗ ಯಾವ ಪಕ್ಷದಲ್ಲೂ ಇರಲಿಲ್ಲ. ಹಾಗಂತ ಅದೇನೂ ವಿಚಿತ್ರವಲ್ಲ. ಈ ದೇಶದಲ್ಲಿ ವಿದೇಶಾಂಗ ನೀತಿಯನ್ನು ನಡೆಸುವುದು ಅಧ್ಯಕ್ಷರು, ಸರ್ಕಾರದ ಜೊತೆ ಸೇರಿ. ಸೇನೆಯ ಮುಖ್ಯಸ್ಥರೂ ಅವರೇ. ರಷ್ಯಾದ ಜೊತೆ ಸುಮಾರು 1,340 ಕಿಲೋಮೀಟರ್ ಗಡಿ ಇದೆ. 2023ರ ಏಪ್ರಿಲ್ 4ಕ್ಕೆ ನ್ಯಾಟೊ ಸೇನಾ ಕೂಟವನ್ನು ಬೇರೆ ಸೇರಿಯಾಯಿತು. ಇಂಥ ಹೊತ್ತಿನಲ್ಲಿ ವಿದೇಶಾಂಗವನ್ನೇ ಅರೆದು ಕುಡಿದವರು ಅಧ್ಯಕ್ಷರಾಗಲಿ ಅಂತ ಜನಕ್ಕೆ ಅನ್ನಿಸಿದ್ದು ಸಹಜ ಅಲ್ವಾ?

2023ರ ಆಗಸ್ಟ್‌ನಲ್ಲಿ ಅವರು ನಿಲ್ಲುತ್ತೇನೆ ಅಂದರು. ಪಕ್ಷ ಇಲ್ಲದವರು ಅಧ್ಯಕ್ಷ ಚುನಾವಣೆಗೆ ನಿಲ್ಲಬೇಕಾದರೆ 20,000 ಮತದಾರರ ಸಹಿ ಬೇಕು. ಒಬ್ಬ ಮತದಾರ ಒಬ್ಬರಿಗಷ್ಟೇ ಸಹಿ ಹಾಕಬಹುದು.

ಆ ಇಪ್ಪತ್ತು ಸಾವಿರದಲ್ಲಿ ನನ್ನದೂ ಒಂದು ಇತ್ತು ಪುಟ್ಟಿ. ಡೇಕೇರಿನ ಕೆಲಸ ಮುಗಿಸಿ ಬರುವಾಗ ಹಾಕಿದೆ. ಈ ದೇಶಕ್ಕೆ ಬಂದು ಹನ್ನೆರಡು ವರ್ಷವಾಗಿತ್ತು. ಇಲ್ಲಿನ ದೊಡ್ಡ ವಿಷಯವೊಂದಕ್ಕೆ ನನ್ನ ಸಹಿ ಬೇಕಾಗಿದ್ದು ಅದೇ ಮೊದಲು. ಹೆಸರಿನಲ್ಲಿರುವ ಒತ್ತಕ್ಷರ ಬಿಡದ ಹಾಗೆ ನಿಧಾನವಾಗಿ, ಕನ್ನಡದಲ್ಲೇ ಸಹಿ ಮಾಡಿದೆ.

ಆಮೇಲೆ ಏನಾಯಿತೋ, ಅದೇ ನಾನು ನಿನಗೆ ಹೇಳಬೇಕಾಗಿರುವುದು.

ಆಲ್ತೊಲಾ ಮೊದಲಿನ ಹಾಗೆಯೇ ಮಾತಾಡುತ್ತಿದ್ದರು. ಕೇಳುವ ನಾನು ಬದಲಾದೆ. ಮೊದಲು ಅವರು ಗಡಿಯ ವಿಷಯ ಹೇಳಿದರೆ ಸುಮ್ನೆ ಕೇಳುತ್ತಿದ್ದೆ. ಈಗ ಇದು ವಿವರಣೆಯೋ, ವೋಟು ಕೇಳುವುದೋ ಅಂತ ಮನಸ್ಸು ತಕ್ಕಡಿ ಹಿಡಿದು ಕೂತಿತು. ನೀನು ಹೆದರುತ್ತಿರುವುದು ಇದಕ್ಕೇ. ನಿನ್ನ ಹೆದರಿಕೆ ಸುಳ್ಳಲ್ಲ. ಸುಳ್ಳು ಅಂತ ಹೇಳಿ ನಿನ್ನನ್ನು ಸಮಾಧಾನ ಮಾಡುವುದು ನನಗೆ ಬೇಡ.

ಇನ್ನೊಂದು ತೊಡಕೂ ಇತ್ತು. ವಿವರಿಸುವವರು ಹೀಗೂ ಆಗಬಹುದು, ಹಾಗೂ ಆಗಬಹುದು ಅನ್ನಬಹುದು. ಅನ್ನಲೇಬೇಕು. ಅಭ್ಯರ್ಥಿಯನ್ನು ಜನ ಕೇಳುವುದೇ ಬೇರೆ: ನೀವೇನು ಮಾಡ್ತೀರಿ? ಆ ವರ್ಷ ನ್ಯಾಟೊ ವಿಷಯದಲ್ಲಿ, ಉಕ್ರೇನಿಗೆ ನೆರವು ಕೊಡುವುದರಲ್ಲಿ, ಅಭ್ಯರ್ಥಿಗಳ ನಡುವೆ ಜಾಸ್ತಿ ವ್ಯತ್ಯಾಸವೇ ಇರಲಿಲ್ಲ. ಎಲ್ಲರ ಮಾತೂ ಹೆಚ್ಚುಕಡಿಮೆ ಒಂದೇ ಆದಾಗ, ಈ ಕೆಲಸವನ್ನು ಕೈಯಾರೆ ಮಾಡಿದವರು ಯಾರು ಅಂತ ಜನ ನೋಡಿದರು. ಪೆಕ್ಕಾ ಹಾವಿಸ್ತೊ ವಿದೇಶಾಂಗ ಮಂತ್ರಿಯಾಗಿ ನ್ಯಾಟೊ ಅರ್ಜಿಗೆ ಸಹಿ ಹಾಕಿದವರು. ಒಲ್ಲಿ ರೆನ್ ಯುರೋಪಿಯನ್ ಒಕ್ಕೂಟದ ಕಮಿಷನರ್ ಆಗಿದ್ದವರು, ಇಲ್ಲಿನ ಕೇಂದ್ರ ಬ್ಯಾಂಕಿನ ಗವರ್ನರ್. ಆಲ್ತೊಲಾ ಹಿಂದೆಯೇ ಅಲೆಕ್ಸಾಂಡರ್ ಸ್ಟುಬ್ ಕೂಡ ಕಣಕ್ಕಿಳಿದರು.

ಕೊನೆಗೆ ಗೆದ್ದ ಸ್ಟುಬ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಯಾಕೆಂದರೆ ಪಂಡಿತ ಸೋತ, ರಾಜಕಾರಣಿ ಗೆದ್ದ ಅಂತ ನೀನು ಹೇಳಿದ್ದು ಪೂರ್ತಿ ಸರಿಯಲ್ಲ. ಸ್ಟುಬ್ ಕೂಡ ನಿಮ್ಮ ಪೈಕಿಯೇ. ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ಮೇಲೆ ಡಾಕ್ಟರೇಟ್ ಮಾಡಿದವರು. ಚುನಾವಣೆಗೆ ಬಂದದ್ದೂ ಇಟಲಿಯ ಫ್ಲಾರೆನ್ಸ್‌ನ ಪ್ರೊಫೆಸರ್ ಕೆಲಸದಿಂದಲೇ. ಆದರೆ ಅದಕ್ಕೂ ಮೊದಲು ವಿದೇಶಾಂಗ ಮಂತ್ರಿಯಾಗಿದ್ದರು, ಪ್ರಧಾನಿಯಾಗಿದ್ದರು. ಪ್ರಧಾನಿಯಾಗಿದ್ದಾಗ ಬೈಸಿಕೊಂಡರು, ಚುನಾವಣೆಯಲ್ಲಿ ಸೋತರು. ಅವರು ಎಲ್ಲಿ ಎಡವುತ್ತಾರೆ ಅಂತ ಜನಕ್ಕೆ ಗೊತ್ತಿತ್ತು. ಆಲ್ತೊಲಾ ಎಲ್ಲಿ ಎಡವುತ್ತಾರೆ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ಕೇಳಲು ವಿಚಿತ್ರ ಅನ್ನಿಸಬಹುದು. ಆದರೆ ಒಬ್ಬರು ಎಡವಿ ಎದ್ದದ್ದನ್ನು ಕಣ್ಣಾರೆ ಕಂಡಿದ್ದರೆ ಅವರ ಕೈಗೆ ಕೀಲಿಕೈ ಕೊಡುವುದು ಸುಲಭ. ನಾನು ಇಷ್ಟು ದಿನ ಯೋಚಿಸಿ ಕಂಡುಕೊಂಡದ್ದು ಇದು.

ಹಾಗಂತ ರಾಜಕೀಯದ ಹೊರಗಿನಿಂದ ಬಂದವರು ಗೆಲ್ಲುವುದೇ ಇಲ್ಲ ಅಂತಲ್ಲ. ಜನ ನೇರವಾಗಿ ಅಧ್ಯಕ್ಷರನ್ನು ಆರಿಸಿದ ಮೊದಲ ಚುನಾವಣೆ, 1994ರದ್ದು. ಆಗ ಗೆದ್ದ ಮಾರ್ತಿ ಅಹ್ತಿಸಾರಿ ಶಾಲಾ ಮೇಷ್ಟ್ರ ತರಬೇತಿ ಪಡೆದವರು, ವಿಶ್ವಸಂಸ್ಥೆಯಲ್ಲಿ ಸಂಧಾನದ ಕೆಲಸ ಮಾಡಿದವರು. ಅವರ ಬೆನ್ನ ಹಿಂದೆ ಒಂದು ದೊಡ್ಡ ಪಕ್ಷ ಇತ್ತು, ನಿಜ. ಮುಂದೆ 2008ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅವರು ತೀರಿಕೊಂಡದ್ದು 2023ರ ಅಕ್ಟೋಬರ್‌ನಲ್ಲಿ, ಇದೇ ಚುನಾವಣೆಯ ಪ್ರಚಾರ ನಡೆಯುತ್ತಿದ್ದಾಗ. ಅವತ್ತು ಆಲ್ತೊಲಾ ಮನಸ್ಸಿನಲ್ಲಿ ಏನು ಓಡಿತೋ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಚಳಿಗಾಲ ಏರುತ್ತಾ ಹೋದ ಹಾಗೆ ಸಮೀಕ್ಷೆಗಳಲ್ಲಿ ಅವರು ಇಳಿಯುತ್ತಾ ಬಂದರು. ನಮ್ಮ ಡೇಕೇರಿನ ಕಾಫಿ ಕೋಣೆಯಲ್ಲಿ ಒಬ್ಬರು, "ಒಳ್ಳೆ ಮನುಷ್ಯ. ಆದ್ರೆ ಅವರು ಅಧ್ಯಕ್ಷರ ಅರಮನೆಗೆ ಹೋದ್ರೆ ಟಿವಿಯಲ್ಲಿ ನಮಗೆ ಯಾರು ಹೇಳ್ತಾರೆ?" ಅಂದರು. ಇನ್ನೊಬ್ಬರು, ಮೊದಲ ಸುತ್ತಿನಲ್ಲೇ ಲೆಕ್ಕ ಹಾಕಿ ವೋಟು ಮಾಡಬೇಕು, ಇಲ್ಲದಿದ್ದರೆ ಮೊದಲ ಇಬ್ಬರಷ್ಟೇ ಉಳಿಯುವ ಎರಡನೇ ಸುತ್ತಿಗೆ ಬೇಡದವರು ಬಂದುಬಿಡುತ್ತಾರೆ ಅಂದರು. ಆ ಲೆಕ್ಕವೇ ಎಲ್ಲ ಕಡೆ ನಡೆಯುತ್ತಿತ್ತು.

2024ರ ಜನವರಿ 28. ಭಾನುವಾರ. ನಮ್ಮ ರಸ್ತೆ ಕೊನೆಯ ಶಾಲೆಯಲ್ಲಿ ಮತಗಟ್ಟೆ. ನಿನ್ನಪ್ಪನ ಹಿಂದೆ ನಾನು. ಇಲ್ಲಿನ ಮತಪತ್ರದಲ್ಲಿ ಹೆಸರೂ ಇರುವುದಿಲ್ಲ, ಚಿಹ್ನೆಯೂ ಇರುವುದಿಲ್ಲ. ಒಳಗೆ ಒಂದು ವೃತ್ತ, ಅಷ್ಟೇ. ಅದರೊಳಗೆ ನಿನಗೆ ಬೇಕಾದವರ ನಂಬರನ್ನು ನಿನ್ನ ಕೈಯಾರೆ ಬರೆಯಬೇಕು. ಪರದೆ ಹಿಂದೆ ನಿಂತು ಆ ಖಾಲಿ ವೃತ್ತವನ್ನೇ ನೋಡಿದೆ. ಗೋಡೆಯ ಮೇಲೆ ಒಂಬತ್ತು ಹೆಸರು. ಆಲ್ತೊಲಾ ನಂಬರ್ ನನಗೆ ಬಾಯಿಪಾಠವಾಗಿತ್ತು.

ನಾನು ಬರೆದದ್ದು ಇನ್ನೊಬ್ಬರ ನಂಬರ್. ಯಾರದ್ದು ಅಂತ ನಿನ್ನಪ್ಪನಿಗೂ ಹೇಳಿಲ್ಲ, ನಿನಗೂ ಹೇಳುವುದಿಲ್ಲ. ಮಡಚಿ ಕೊಟ್ಟೆ, ಅವರು ಮುದ್ರೆ ಒತ್ತಿದರು, ಪೆಟ್ಟಿಗೆಗೆ ಹಾಕಿದೆ. ಆಮೇಲೆ ಎಲ್ಲರ ಹಾಗೆ ನಾವೂ ವಾಲಿಕಹ್ವಿಗೆ ಹೋದೆವು. ವೋಟು ಹಾಕಿ ಬಂದು ಕುಡಿಯುವ ಕಾಫಿಗೂ ಇವರು ಒಂದು ಹೆಸರಿಟ್ಟಿದ್ದಾರಲ್ಲ, ಅದು ನನಗೆ ತುಂಬಾ ಇಷ್ಟ. ಜೊತೆಗೆ ಪುಲ್ಲಾ, ಇಲ್ಲಿನ ಸಿಹಿ ಬನ್ನು. ಮುರಿದ ಕೂಡಲೇ ಏಲಕ್ಕಿ ಘಮ್ಮೆಂದಿತು. ಬೇರೆ ದಿನವಾಗಿದ್ದರೆ ಅಜ್ಜಿಯ ಅಟ್ಟದ ಮೇಲಿನ ಏಲಕ್ಕಿ ಮೂಟೆ ನೆನಪಾಗಿ ಖುಷಿಯಾಗುತ್ತಿತ್ತು. ಅವತ್ತು ಗಂಟಲಲ್ಲಿ ಇಳಿಯಲಿಲ್ಲ.

ರಾತ್ರಿ ಎಣಿಕೆ ಮುಗಿಯಿತು. ಸ್ಟುಬ್ 27.2%, ಹಾವಿಸ್ತೊ 25.8%. ಆಲ್ತೊಲಾಗೆ 1.5%. ಸುಮಾರು 47,000 ವೋಟು. ಫೆಬ್ರವರಿ 11ರ ಎರಡನೇ ಸುತ್ತಿನಲ್ಲಿ ಸ್ಟುಬ್ 51.6% ಪಡೆದು ಗೆದ್ದರು. ಅದೆಲ್ಲ ನಿನಗೆ ಗೊತ್ತು.

ಸಹಿ ಹಾಕಿದವಳು ವೋಟು ಹಾಕಲಿಲ್ಲ. ಇದು ಮೋಸವಾ ಅಂತ ಒಂದು ವರ್ಷ ಕೇಳಿಕೊಂಡಿದ್ದೇನೆ. ಮೋಸ ಅಲ್ಲ ಅಂತ ಈಗ ಅನ್ನಿಸುತ್ತದೆ. ಇವರು ಎಲ್ಲರ ಮುಂದೆ ನಿಂತು ಮಾತಾಡಬೇಕು ಅನ್ನುವುದಕ್ಕೆ ಸಹಿ ಹಾಕಿದೆ. ಯಾರು ಆಳಬೇಕು ಅನ್ನುವುದಕ್ಕೆ ವೋಟು ಹಾಕಿದೆ. ಎರಡನ್ನೂ ನಿಜವಾಗಿಯೇ ಮಾಡಿದೆ. ಅವರು ನಿಂತಿದ್ದರಿಂದ ಆ ಚರ್ಚೆಗಳಲ್ಲಿ ಉಳಿದ ಎಂಟು ಮಂದಿಯೂ ಹೆಚ್ಚು ಓದಿಕೊಂಡು ಬರಬೇಕಾಯಿತು ಅಂತಲೇ ನನ್ನ ನಂಬಿಕೆ.

ಅವರು ಮೂಲೆ ಸೇರಲೂ ಇಲ್ಲ. ಅದೇ ವರ್ಷದ ಜೂನ್‌ನಲ್ಲಿ ಸ್ಟುಬ್ ಅವರ ಕೊಕೋಮುಸ್ ಪಕ್ಷದಿಂದ ಯುರೋಪಿಯನ್ ಪಾರ್ಲಿಮೆಂಟಿಗೆ ನಿಂತು ಗೆದ್ದರು. ಅಧ್ಯಕ್ಷ ಚುನಾವಣೆಯಲ್ಲಿ 5% ಕೂಡ ಮುಟ್ಟದ ಎಡಪಕ್ಷದ ಲಿ ಆಂಡರ್ಸನ್‌ಗೆ ಆ ಜೂನ್‌ನಲ್ಲಿ 2,47,604 ವೋಟು ಬಂತು. ಜನ ಒಂದು ಕೆಲಸಕ್ಕೆ ಬೇಡ ಅಂದವರನ್ನು ಇನ್ನೊಂದಕ್ಕೆ ಬನ್ನಿ ಅಂತ ಕರೆಯುತ್ತಾರೆ.

ಈಗ ನಿನ್ನ ಮಾತಿಗೆ ಬರುತ್ತೇನೆ. ನಿಲ್ಲು ಅಂತ ನಾನು ಹೇಳುತ್ತೇನೆ. ಕಳೆದುಕೊಳ್ಳುವುದು ಇದೆ ಅಂತ ತಿಳಿದುಕೊಂಡೇ ನಿಲ್ಲು. ನಿನ್ನ ಪ್ರಬಂಧ ಓದುವವರಲ್ಲಿ ಕೆಲವರು ಇನ್ನು ಮೇಲೆ ತಕ್ಕಡಿ ಹಿಡಿದೇ ಓದುತ್ತಾರೆ. ಅದಕ್ಕೆ ಅವರನ್ನು ಬೈಯಬೇಡ, ನಾನೇ ಹಾಗೆ ಮಾಡಿದ್ದೇನೆ. ಇಲ್ಲಿ ಓದಿದವಳಾಗಿ ಹೇಳುತ್ತಿದ್ದೇನೆ, ಇಲ್ಲಿ ವೋಟು ಕೇಳುತ್ತಿದ್ದೇನೆ ಅಂತ ಬಾಯಿಬಿಟ್ಟು ಹೇಳು, ಪ್ರತಿ ಸಲವೂ. ನಗರಸಭೆಯಲ್ಲಿ ಇರುವುದು ಶಾಲೆ, ಬಸ್ಸು, ಡೇಕೇರು. ನ್ಯಾಟೊ ಅಲ್ಲ. ನಿನಗೆ ಗೊತ್ತಿಲ್ಲದ್ದು ಬೇಕಾದಷ್ಟಿರುತ್ತದೆ. ಡೇಕೇರಿನದ್ದಾದರೆ ನನ್ನನ್ನು ಕೇಳು. ಒಬ್ಬಳು ಟೀಚರ್ ರಜೆ ಹಾಕಿದ ದಿನ ಹನ್ನೆರಡು ಮಕ್ಕಳಿಗೆ ಚಳಿಬಟ್ಟೆ ತೊಡಿಸಿ ಹೊರಗೆ ಕರೆದೊಯ್ಯುವುದು ಅಂದರೇನು ಅಂತ ಒಂದೊಂದು ಗುಂಡಿ, ಒಂದೊಂದು ಕೈಗವಸಿನ ಲೆಕ್ಕ ಸಮೇತ ಹೇಳುತ್ತೇನೆ.

ಪಕ್ಷ ಬೇಡ ಅನ್ನಿಸಿದರೆ ನಿನ್ನೂರಿನ ಹತ್ತು ಮತದಾರರು ಸಹಿ ಹಾಕಿದರೆ ಸಾಕು ಅಂದೆಯಲ್ಲ. ನಾನು ಎಸ್ಪೊದ ಮತದಾರಳು. ನನ್ನ ಸಹಿ ತಂಪೆರೆಯಲ್ಲಿ ನಡೆಯುವುದಿಲ್ಲ. ವೋಟೂ ನಿನಗೆ ಹಾಕಲಾಗುವುದಿಲ್ಲ. ಏಪ್ರಿಲ್ 13ಕ್ಕೆ ಇಲ್ಲಿ ಬೆಳಿಗ್ಗೆಯೇ ನಮ್ಮ ವೋಟು ಮುಗಿಸಿ, ಡಬ್ಬಿ ತುಂಬ ಪುಲ್ಲಾ ಮಾಡಿಕೊಂಡು ನಾನೂ ಅಪ್ಪನೂ ರೈಲು ಹತ್ತುತ್ತೇವೆ. ಏಲಕ್ಕಿ ಅಜ್ಜಿ ಕಳಿಸಿದ್ದೇ ಹಾಕುತ್ತೇನೆ. ಕಾಫಿ ನೀನು ಇಟ್ಟಿರು.

ನಿನ್ನ
ಅಮ್ಮ